ಹನ್ನೊಂದನೇ ಅಡಿಟಿಪ್ಪಣಿಯೂ ಜುಗೂಳದ ಮರವೂ

ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಕಾನೂನು ಓದಲು ಹೊರಟಾಗ ನಮ್ಮ ಅಂಕಲಿಯಲ್ಲಿ ಯಾರೂ ನಗಲಿಲ್ಲ. ಮುಂದೆ ನಗಲು ಬೇಕಾದಷ್ಟು ಅವಕಾಶ ಸಿಗಲಿದೆ ಎಂದು ಅವರಿಗೆ ಮೊದಲೇ ಗೊತ್ತಿತ್ತೋ ಏನೋ!

ಮಗಳು ಓದಲು ಬೆಳಗಾವಿಯ ಹಾಸ್ಟೆಲಿಗೆ ಹೋಗಿದ್ದಳು. ನಮ್ಮ ಯಜಮಾನರು ಶಿವಪ್ಪ ಬೆಳಗಾದರೆ ಕಬ್ಬಿನ ಹೊಲದಲ್ಲಿ, ಸಂಜೆಯಾದರೆ ದ್ರಾಕ್ಷಿ ತೋಟದಲ್ಲಿ. ಮದುವೆಯ ಕಾಲಕ್ಕೆ ಬಿಟ್ಟ ಓದನ್ನು ಮತ್ತೆ ಹಿಡಿಯೋಣವೆಂದು ನಾನು ಚಿಕ್ಕೋಡಿಯ ಒಂದು ಕಾನೂನು ಕಾಲೇಜಿಗೆ ಹೆಸರು ಹಚ್ಚಿದೆ. ತರಗತಿಯ ಹುಡುಗ ಹುಡುಗಿಯರೆಲ್ಲ ನನ್ನನ್ನು 'ಆಂಟಿ' ಎಂದು ಕರೆದರು. ಹೊಸ ಪ್ರಾಧ್ಯಾಪಕರೊಬ್ಬರು ಮೊದಲ ದಿನ ನನ್ನನ್ನು ಕಂಡು ಎದ್ದು ನಿಂತು, "ನೀವು ಯಾರ ಪಾಲಕರು?" ಎಂದು ಕೇಳಿದರು.

"ನನಗ ನಾನೇ ರೀ ಸರ್" ಎಂದೆ.

ಎರಡನೇ ವರ್ಷದಲ್ಲಿ, ವಿದ್ಯಾರ್ಥಿಗಳೇ ನಡೆಸುವ ಕಾನೂನು ಪತ್ರಿಕೆಯೊಂದು ಕಾಲೇಜಿನಲ್ಲಿ ಹುಟ್ಟಬೇಕೆಂದು ತೀರ್ಮಾನವಾಯಿತು. ಹೆಸರು 'ವಾದಸರಣಿ'. ಪ್ರಧಾನ ಸಂಪಾದಕರ ಆಯ್ಕೆಯ ಸಭೆ ನಡೆದಿದ್ದಾಗ ನಾನು ನೀರು ಕುಡಿಯಲು ಹೊರಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಸರ್ವಾನುಮತದಿಂದ ಆಯ್ಕೆಯಾಗಿದ್ದೆ!

ಆಯ್ಕೆಯಾದದ್ದೇ ತಡ, ನನ್ನೊಳಗಿನ ನ್ಯಾಯಮೂರ್ತಿ ಎದ್ದು ಕುಳಿತರು. ಒಂದೇ ವಾರದಲ್ಲಿ ಹದಿನಾಲ್ಕು ಪುಟದ 'ಸಂಪಾದನಾ ನಿಯಮಾವಳಿ' ಬರೆದೆ. ಮೊದಲ ನಿಯಮವೇ ಹೀಗಿತ್ತು: 'ಆಕರವನ್ನು ಸ್ವತಃ ಪರಿಶೀಲಿಸದ ಹೊರತು ಯಾವ ವಾಕ್ಯವೂ ಅಚ್ಚಾಗತಕ್ಕದ್ದಲ್ಲ.'

ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ನಮ್ಮವರು ರೊಟ್ಟಿ ಮುರಿಯುತ್ತ, "ಹಂಗಾರ ಈ ಪಲ್ಯಾಕ ಉಪ್ಪು ಹಾಕೀನಿ ಅಂದ್ಯಲ್ಲ, ಅದನ್ನ ಪರಿಶೀಲಿಸೀಯೇನು?" ಎಂದರು.

ಹಾಕಿರಲಿಲ್ಲ.

ಪತ್ರಿಕೆಗೆ ಬಂದ ಲೇಖನಗಳಲ್ಲಿ ನನಗೆ ಬಹಳ ಹಿಡಿಸಿದ್ದು ಪಾಯಪ್ಪ ವಕೀಲರದ್ದು. ಎಂಬತ್ತು ದಾಟಿದ ಹಿರಿಯರು. ಇಡೀ ಆಯುಷ್ಯ ಹೊಲ, ಬಾಂದು, ಬಾವಿಗಳ ಜಗಳ ನಡೆಸಿ ಈಗ ರಾಯಬಾಗದ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದವರು. ಹೊಲದ ಗಡಿಯ ಜಗಳಗಳು ರಾಜಿಯಲ್ಲಿ ಮುಗಿದ ಬಗೆಯನ್ನು ಕುರಿತು ಕೈಬರಹದಲ್ಲಿ ಎಂಟು ಪುಟ ಕಳಿಸಿದ್ದರು. ಅದರಲ್ಲಿ ಜುಗೂಳದ ಇಬ್ಬರು ಅಣ್ಣತಮ್ಮಂದಿರ ಕಥೆಯಿತ್ತು. ಇಬ್ಬರ ಹೊಲದ ನಡುವಿನ ಬಾಂದಿನ ಮೇಲೆ ಒಂದು ಮರ. ಅದಕ್ಕಾಗಿ ಹತ್ತು ವರ್ಷ ಕೋರ್ಟು. ಕೊನೆಗೆ ಒಂದು ಮಧ್ಯಾಹ್ನ, ಒಂದೇ ತಟ್ಟೆಯ ಅವಲಕ್ಕಿ ತಿನ್ನುತ್ತ, ರಾಜಿ. ಓದಿ ನನಗೆ ಕಣ್ಣು ತುಂಬಿ ಬಂತು.

ಆದರೆ ಮೂರನೇ ಪುಟದಲ್ಲಿ ಆ ಮರ ಮಾವಿನದು. ಐದನೇ ಪುಟದಲ್ಲಿ ಹುಣಸೆಯದು!

"ಹನ್ನೊಂದನೇ ಅಡಿಟಿಪ್ಪಣಿ ಇದರ ಮ್ಯಾಲೇ ಐತಿ. ಮಾವೋ ಹುಣಸಿಯೋ ಖಾತ್ರಿ ಆಗಬೇಕು" ಎಂದೆ ಅಕ್ಷತಾಳಿಗೆ. ಅವಳು ನಿಪ್ಪಾಣಿಯ ಹುಡುಗಿ, ನನ್ನ ಸಹ ಸಂಪಾದಕಿ, ಇಪ್ಪತ್ತೊಂದು ವರ್ಷ.

"ಆಂಟಿ, ಎರಡೂ ಕಡೆ ಬರೇ 'ಮರ' ಅಂತ ಮಾಡಿಬಿಡ್ರಿ. ಮುಗೀತು."

ಈಗ ಯೋಚಿಸಿದರೆ ಇಡೀ ಪ್ರಕರಣದಲ್ಲಿ ಕೇಳಿಬಂದ ಏಕೈಕ ಬುದ್ಧಿಮಾತು ಅದು. ನಾನು ಅವಳನ್ನು ಕನಿಕರದಿಂದ ನೋಡಿ, ವಕೀಲರಿಗೆ ಫೋನು ಮಾಡಿದೆ. ಅವರಿಗೆ ಕಿವಿ ಸ್ವಲ್ಪ ಮಂದ.

"ಸಾಹೇಬ್ರ, ಜುಗೂಳದ್ದು ಮಾವೋ ಹುಣಸಿಯೋ?"

"ಮಾವಾ? ನಮ್ಮ ಮಾವನವರು ತೀರಿಕೊಂಡು ಭಾಳ ವರ್ಷ ಆತವಾ!"

"ಮಾವ ಅಲ್ರಿ, ಮಾವು! ಮರ! ಮರ!"

"ಹೌದವಾ, ಮರೀಲಿಕ್ಕೆ ಆಗಂಗಿಲ್ಲ. ಬಂಗಾರದಂಥಾ ಮನಷ್ಯಾ."

ಲೇಖಕರಿಂದ ಸ್ಪಷ್ಟನೆ ದೊರೆಯಲಿಲ್ಲವಾದ್ದರಿಂದ ಮೂಲ ಆಕರವನ್ನೇ, ಅಂದರೆ ಮರವನ್ನೇ, ಸಂದರ್ಶಿಸತಕ್ಕದ್ದೆಂದು ತೀರ್ಮಾನಿಸಿದೆ!

ಅದು ಶುಕ್ರವಾರ. ಬೆಳಿಗ್ಗೆ ಕಾಲೇಜಿನಲ್ಲಿ ಅಣಕು ನ್ಯಾಯಾಲಯವಿತ್ತು. ಹೀಗಾಗಿ ಬಿಳಿ ಸೀರೆ, ಕರಿ ಕೋಟು, ಕೊರಳಲ್ಲಿ ಬಿಳಿ ಪಟ್ಟಿ. ಅದನ್ನು ಬಿಚ್ಚಿಟ್ಟು ಹೋಗಬಹುದಿತ್ತು. ಆದರೆ ಪ್ರಧಾನ ಸಂಪಾದಕಿಗೆ ಸ್ವಲ್ಪ ಗಾಂಭೀರ್ಯ ಬೇಡವೇ? ಬಗಲಲ್ಲಿ ಕೆಂಪು ದಾರದ ಫೈಲು ಸಹ ಇಟ್ಟುಕೊಂಡೆ. ಕೃಷ್ಣೆಯನ್ನು ದಾಟಿ, ಕಾಗವಾಡಕ್ಕೆ ಬಸ್ಸು, ಅಲ್ಲಿಂದ ಟಂಟಂ ಎಂಬ ಮೂರು ಗಾಲಿಯ ಗಾಡಿ. ಟಂಟಮ್ಮಿನಲ್ಲಿ ನನ್ನ ಕೋಟು ನೋಡಿ ಇಬ್ಬರು ಸರಿದು ಜಾಗ ಕೊಟ್ಟರು. ಮೂರನೆಯವನು ಇಳಿದೇ ಹೋದ. ಅವನಿಗೇನು ಕೇಸಿತ್ತೋ!

ಅಣ್ಣನ ಹೆಸರು ಬಾಬಾಸಾಹೇಬ, ತಮ್ಮನದು ಅಣ್ಣಾಸಾಹೇಬ. ಎರಡು ಮನೆ, ನಡುವೆ ಒಂದೇ ಗೋಡೆ. ತಮ್ಮನ ಅಂಗಳದಲ್ಲಿ ಹಂದರ ಹಾಕುತ್ತಿದ್ದರು, ಇಟ್ಟಿಗೆಯಿಟ್ಟು ದೊಡ್ಡ ಒಲೆ ಹೂಡಿದ್ದರು. ಭಾನುವಾರ ಅಣ್ಣನ ಮೊಮ್ಮಗಳು ಶೀತಲಳ ಸಾಖರಪುಡಾ. ನಮ್ಮ ಗಡಿಯ ಊರುಗಳಲ್ಲಿ ನಿಶ್ಚಿತಾರ್ಥಕ್ಕೆ ಹೀಗೆನ್ನುತ್ತಾರೆ. ಹುಡುಗನ ಕಡೆಯವರು ನಿಪ್ಪಾಣಿಯವರು. ಅಡುಗೆಯ ಉಸ್ತುವಾರಿ ಪೂರಾ ತಮ್ಮನದು.

ಕಟ್ಟೆಯ ಮೇಲೆ ಕುಳಿತಿದ್ದ ಬಾಬಾಸಾಹೇಬರು ನನ್ನ ಕರಿ ಕೋಟು ಕಂಡು ಟೊಪ್ಪಿಗೆ ಸರಿ ಮಾಡಿಕೊಂಡರು.

"ಯಾರ ಕಡಿಂದ ಬಂದೀರಿ ಬಾಯಾರ?"

"ವಾದಸರಣಿ ಕಡಿಂದ್ರಿ."

"ವಾದಿ ಯಾರ್ರಿ?"

"ವಾದಿ ಇಲ್ರಿ, ವಾದಸರಣಿ!"

"ವಾದಿ ಇಲ್ದ ಕೇಸ್ ಹ್ಯಾಂಗ ನಡಸ್ತೀರಿ?"

ಪತ್ರಿಕೆ, ಲೇಖನ, ಪಾಯಪ್ಪ ವಕೀಲರು ಎಂದೆಲ್ಲ ಬಿಡಿಸಿ ಹೇಳಿದ ಮೇಲೆ ಅವರ ಮುಖ ಅರಳಿತು. ಗೋಡೆಯಾಚೆಗೆ ತಮ್ಮನನ್ನು ಕೂಗಿ ಕರೆದರು. ಅಣ್ಣಾಸಾಹೇಬರು ಸೌಟು ಹಿಡಿದೇ ಬಂದರು. ಇಬ್ಬರ ಹೆಂಡಂದಿರೂ ಬಂದರು. ಚಹಾ ಬಂತು, ಶೇಂಗಾದ ಉಂಡಿ ಬಂತು.

"ನಮ್ಮ ಹೆಸರು ಪುಸ್ತಕದಾಗ ಬರತೈತೇನ್ರಿ?" ಎಂದು ಅಣ್ಣಾಸಾಹೇಬರು ನಾಚುತ್ತ ಕೇಳಿದರು.

"ನಿಮ್ಮಿಬ್ಬರ ಒಪ್ಪಿಗಿ ಇದ್ರ ಬರತೈತ್ರಿ."

"ಹಾಕ್ರಿ, ಹಾಕ್ರಿ! ದಪ್ಪ ಅಕ್ಷರದಾಗ ಹಾಕ್ರಿ!"

ನಂತರ ಎಲ್ಲರೂ ಮೆರವಣಿಗೆಯಂತೆ ಹಿಂದಿನ ಹೊಲಕ್ಕೆ ಹೋದೆವು. ಬಾಂದಿನ ಮೇಲೆ ಮರ ನಿಂತಿತ್ತು. ಮಾವು! ಯುಗಾದಿ ಕಳೆದ ಕಾಲ, ಗೊಂಚಲು ಗೊಂಚಲು ಕಾಯಿ. ಕುರುಡನೂ ಗುರುತಿಸಬಹುದಾದ ಮಾವು. ಪುಸ್ತಕದಲ್ಲಿ 'ಮಾವು – ಖಾತ್ರಿ' ಎಂದು ಬರೆದು, ಕೆಳಗೆ ಗೆರೆ ಎಳೆದೆ.

ಬಂದ ಕೆಲಸ ಮುಗಿದಿತ್ತು. ಬುದ್ಧಿಯಿದ್ದವಳು ಅಲ್ಲಿಂದಲೇ ಟಂಟಂ ಹತ್ತುತ್ತಿದ್ದಳು.

ಆದರೆ ನಿಯಮಾವಳಿ! ಮರವೊಂದನ್ನೇ ಪರಿಶೀಲಿಸಿದರೆ ಸಾಕೇ? ರಾಜಿಪತ್ರದ ಮಾತುಗಳು? ನಾನು ಗಂಟಲು ಸರಿಪಡಿಸಿಕೊಂಡು, ಐದನೇ ಪುಟ ತೆಗೆದು, ಸಾಕ್ಷಾತ್ ಹೈಕೋರ್ಟಿನ ಧ್ವನಿಯಲ್ಲಿ ಓದಿದೆ: "ಸದರಿ ಮರದ ಬುಡವೂ ಬೇರೂ ಅಣ್ಣನಿಗೆ ಸೇರತಕ್ಕದ್ದು. ತಮ್ಮನು ತನ್ನ ಹೊಲದ ಕಡೆಗೆ ಚಾಚಿದ ಟೊಂಗೆಗಳ ಫಲವನ್ನು ಅಣ್ಣನ ಅನುಮತಿ ಪಡೆದು ಅನುಭವಿಸತಕ್ಕದ್ದು. ಹೌದಲ್ರಿ?"

"ಅನುಮತಿ?" ಎಂದರು ಅಣ್ಣಾಸಾಹೇಬರು.

ಅಣ್ಣನ ಮುಖದ ಮೇಲೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ, ನಿಧಾನವಾಗಿ ಒಂದು ನಗು ಹರಿದಾಡಿತು. "ಬುಡ ನಂದೇನ್ರಿ?"

ಆಮೇಲೆ ತಿಳಿದದ್ದು: ಆ ರಾಜಿಪತ್ರವನ್ನು ಅವರಿಬ್ಬರೂ ಈವರೆಗೆ ಓದಿರಲೇ ಇಲ್ಲ. ವಕೀಲರು ತೋರಿಸಿದಲ್ಲಿ ಸಹಿ ಮಾಡಿ, ಅವಲಕ್ಕಿ ತಿಂದು ಬಂದಿದ್ದರು. ಅಂದಿನಿಂದ ಯಾರ ಮನೆಯಲ್ಲಿ ಉಪ್ಪಿನಕಾಯಿ ಮುಗಿಯಿತೋ ಅವರು ಹೋಗಿ ಕಾಯಿ ಕೆಡವುತ್ತಿದ್ದರು. ಇಪ್ಪತ್ತು ವರ್ಷದ ಶಾಂತಿ ಕಾಗದ ಓದದೆ ಇದ್ದದ್ದರಿಂದಲೇ ಉಳಿದಿತ್ತು. ಓದಿಸಲು ನಾನು ಎರಡು ಗಾಡಿ ಬದಲಿಸಿ ಬಂದಿದ್ದೆ!

"ಅಂದ್ರ ನಾ ಇಷ್ಟ ವರ್ಷ ಕಳವು ಮಾಡೀನಿ?" ತಮ್ಮನ ಸೌಟು ಮೇಲೆದ್ದಿತು.

"ನಾ ಹಂಗ ಅನ್ನಂಗಿಲ್ಲೋ. ಕಾಗದ ಅಂತೈತಿ" ಎಂದರು ಅಣ್ಣ.

"ಮತ್ತ ಯಾಕ ನಗಾಕತ್ತಿ?"

"ನನ್ನ ಬುಡದ ಕಡೆ ನೋಡಿ ನಾ ನಗಬಾರದೇನು?"

ಹೆಂಗಸರು ಹಿಂದುಳಿಯಲಿಲ್ಲ. ತಮ್ಮನ ಹೆಂಡತಿ, "ಮೊನ್ನಿ ಹಾಕಿದ ಉಪ್ಪಿನಕಾಯಿ ಭರಣಿ ತಂದು ನಿಮ್ಮ ಬಾಗಲಾಗ ಇಡ್ತೀನ್ರಿ ವೈನಿ! ಅನುಮತಿ ಇಲ್ದ ಹಾಕಿದ್ದು!" ಎಂದರು. ಅಣ್ಣನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಭರಣೀನೂ ನಂದೇ ಐತಿ, ಹೋದ ವರ್ಷ ಒಯ್ದಿದ್ದು!" ಎಂದರು.

ಈ ಹಂತದಲ್ಲಿ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಬದಲಾಗಿ ಶಾಂತಿ ಸ್ಥಾಪನೆಗೆಂದು ಮುಂದೆ ಬಂದು, "ಅಣ್ಣಾಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ರಾಜಿ ಒಪ್ಪಿಗಿ ಇಲ್ಲ ಅಂದ್ರ ಕಾನೂನಿನಾಗ ದಾರಿ ಐತ್ರಿ" ಎಂದೆ.

"ಐತೇನ್ರಿ? ಯಾವ ದಾರಿ?"

ನಾನು ಮನಸ್ಸಿನಲ್ಲೇ ವರ್ಷಗಳನ್ನು ಎಣಿಸಿದೆ. "ಇತ್ರಿ. ಆದ್ರ ಮುದ್ದತು ಮುಗದೈತಿ."

ಅಣ್ಣಾಸಾಹೇಬರು ನನ್ನನ್ನು ಒಂದು ಕ್ಷಣ ನೋಡಿದರು. ಸೌಟನ್ನು ಬಾಂದಿನ ಮೇಲೆ ಎಸೆದರು. "ಆತು! ಮರ ಅವರದು. ಅಂಗಳ ನಂದು. ನನ್ನ ಅನುಮತಿ ಇಲ್ದ ಯಾರೂ ತುಳಿಬ್ಯಾಡ್ರಿ. ಹಂದರ ಕೀಳ್ರೋ!"

ಹಂದರದ ಬಿದಿರು ಗಳಗಳು ಒಂದೊಂದಾಗಿ ಉರುಳಿದವು. ಒಲೆಯ ಇಟ್ಟಿಗೆಗಳು ಗೋಡೆಗೆ ಒರಗಿದವು. ನಾನು ಫೈಲು ಎದೆಗವುಚಿಕೊಂಡು ನಿಂತಿದ್ದೆ. ಮೊಮ್ಮಗಳು ಶೀತಲ್, ಒಂದು ಕೈಗೆ ಮಾತ್ರ ಮೆಹೆಂದಿ ಹಾಕಿಕೊಂಡಿದ್ದವಳು, ಬಾಗಿಲಲ್ಲಿ ಬಂದು ನಿಂತು ಮೆಲ್ಲಗೆ ಕೇಳಿದಳು:

"ಅಕ್ಕಾರ, ನೀವು ಏನ್ ಕೇಳಾಕ ಬಂದಿದ್ರಿ?"

"ಮರ ಯಾವುದು ಅಂತ ಕೇಳಾಕವಾ."

"ಅಷ್ಟೇ?"

"ಅಷ್ಟೇ."

ಅವಳ ಕಣ್ಣಲ್ಲಿ ನೀರು ನಿಂತದ್ದನ್ನು ನೋಡಿ ನನ್ನ ಹೈಕೋರ್ಟು ಅಲ್ಲೇ ಕುಸಿಯಿತು. ಕೋಟು ಬಿಚ್ಚಿ ಚೀಲಕ್ಕೆ ತುರುಕಿ, ಎಲ್ಲರಿಗಿಂತ ಸಣ್ಣವಳಾಗಿ ಟಂಟಂ ಹತ್ತಿದೆ.

ಮನೆಗೆ ಬಂದಾಗ ನಮ್ಮವರು ಎಮ್ಮೆಗೆ ಮೇವು ಹಾಕುತ್ತಿದ್ದರು.

"ಏನ್ ಸಂಪಾದಕ್ರ, ಮರ ಯಾವುದಾತು?"

"ಮಾವುರಿ."

"ಹಂಗಾರ ಮುಗೀತಲ್ಲ!"

"ಮುಗೀತ್ರಿ. ಮನೆತನಾನ ಮುಗೀತು" ಎಂದು ಎಲ್ಲವನ್ನೂ ಹೇಳಿದೆ. ಅವರು ಮೊದಲು ನಕ್ಕರು. ಎಷ್ಟು ನಕ್ಕರೆಂದರೆ ಎಮ್ಮೆ ಗಾಬರಿಯಾಗಿ ಮೇವು ಬಿಟ್ಟಿತು. ಹಂದರದ ಗಳ ಉರುಳಿದಲ್ಲಿಗೆ ಬಂದಾಗ ನಗು ನಿಂತಿತು.

"ಆ ಹುಡುಗಿ ಅಳಾಕತ್ತಿತ್ತೇನು?"

"ಹೂಂರಿ."

"ನಾಳೆ ಮುಂಜಾನೆ ನಡಿ ರಾಯಬಾಗಕ್ಕ. ಗಂಟು ಹಾಕಿದ ವಕೀಲರೇ ಬಿಚ್ಚಬೇಕು."

ಶನಿವಾರ ಬೆಳಿಗ್ಗೆ ದ್ರಾಕ್ಷಿಯ ಖಾಲಿ ಕ್ರೇಟುಗಳು ತುಂಬಿದ್ದ ಪಿಕಪ್ ಗಾಡಿಯಲ್ಲೇ ರಾಯಬಾಗಕ್ಕೆ ಹೋದೆವು. ಪಾಯಪ್ಪ ವಕೀಲರು ಮಂಚದ ಮೇಲೆ ಕುಳಿತು ಪೇಪರು ಓದುತ್ತಿದ್ದರು. ನಾನು ಎರಡೂ ಪುಟಗಳನ್ನು ಅವರ ಕಣ್ಣ ಮುಂದೆ ಹಿಡಿದೆ. ಅವರು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಅಟ್ಟದಿಂದ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು ಇಳಿಸಲು ಹೇಳಿದರು. ನಮ್ಮವರು ಇಳಿಸಿದರು. ಧೂಳಿಗೆ ಮೂವರೂ ಸೀನಿದೆವು.

"ಅಯ್ಯ ನನ್ನ ಶಿವನ... ಅಲ್ಲ, ಜಿನನ!" ಎಂದು ಜೈನರಾದ ವಕೀಲರು ಹಣೆ ಬಡಿದುಕೊಂಡರು. "ಎರಡು ಕೇಸ್ ಕಲಸೀನವಾ! ಹುಣಸಿ ಮರದ್ದು ಇಲ್ಲೇ ರಾಯಬಾಗದ ಕಡೀದು. ಬುಡ, ಬೇರು, ಅನುಮತಿ ಎಲ್ಲಾ ಅದರದ್ದು. ಜುಗೂಳದ್ದು ಬ್ಯಾರೆ. ಅಲ್ಲೂ ಒಂದು ಮರ, ಇಲ್ಲೂ ಒಂದು ಮರ. ಅಲ್ಲೂ ಅಣ್ಣತಮ್ಮ, ಇಲ್ಲೂ ಅಣ್ಣತಮ್ಮ. ಎಂಬತ್ತು ವರ್ಷದ ತಲಿ, ಎಷ್ಟಂತ ಬ್ಯಾರೆ ಬ್ಯಾರೆ ಇಡತೈತಿ?"

ನಾನು ಪುಟ ಐದರ ಬದಲು ಪುಟ ಮೂರನ್ನು ಓದಿದ್ದರೆ ಜುಗೂಳದಲ್ಲಿ ಏನೂ ಆಗುತ್ತಿರಲಿಲ್ಲ! ಮರ ಹುಣಸೆಯಲ್ಲ ಎಂದು ಬರೆದುಕೊಂಡ ಬಳಿಕವೂ ಹುಣಸೆಯ ಪುಟವನ್ನೇ ತೆಗೆದು ಓದಿದ ಪ್ರಧಾನ ಸಂಪಾದಕಿ ನಾನು.

"ಸಾಹೇಬ್ರ, ನೀವು ಬರಬೇಕ್ರಿ" ಎಂದು ಅವರ ಕಿವಿಯ ಹತ್ತಿರ ಕೂಗಿದೆ.

ವಕೀಲರು ಸಂತೋಷದಿಂದ ಎದ್ದರು. ಮನೆಯಲ್ಲಿ ಕುಳಿತು ಅವರಿಗೂ ಬೇಸರವಾಗಿತ್ತು. ಮುಂದಿನ ಸೀಟಿನಲ್ಲಿ ಅವರು, ಸ್ಟಿಯರಿಂಗ್ ಹಿಡಿದು ನಮ್ಮವರು. ಹಿಂದೆ ಕ್ರೇಟುಗಳ ನಡುವೆ ನಾನು. ದಾರಿಯುದ್ದಕ್ಕೂ ಹಂಪು ಬಂದಾಗಲೆಲ್ಲ ಒಂದೊಂದು ಕ್ರೇಟು ನನ್ನ ತಲೆಗೆ ತಾಗಿ ತೀರ್ಪು ಕೊಡುತ್ತಿತ್ತು.

ಜುಗೂಳದಲ್ಲಿ ಎರಡೂ ಮನೆಯ ಬಾಗಿಲು ಮುಚ್ಚಿದ್ದವು. ವಕೀಲರು ಯಾರ ಮನೆಗೂ ಹೋಗದೆ ನೇರವಾಗಿ ಮರದ ಕೆಳಗೆ ಹೋಗಿ, ಒಂದು ಕ್ರೇಟು ಬೋರಲು ಹಾಕಿಸಿ ಕುಳಿತರು. ವಕೀಲರು ಬಂದಿದ್ದಾರೆಂದು ತಿಳಿದು ಅಣ್ಣ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ಬಂದು, ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತರು. ಇಬ್ಬರೂ ಒಮ್ಮೆಗೇ ದೂರು ಹೇಳತೊಡಗಿದರು. ವಕೀಲರು ತಲೆ ಆಡಿಸುತ್ತ "ಹೌದು, ಹೌದು, ಖರೆ ಐತಿ" ಎನ್ನುತ್ತಿದ್ದರು. ಒಂದಕ್ಷರವೂ ಕೇಳಿಸಿರಲಿಲ್ಲವೆಂದು ಆಮೇಲೆ ಹೇಳಿದರು. ಆದರೆ ಅಣ್ಣತಮ್ಮಂದಿರು ಬೈದು ಬೈದು ದಣಿದು ಸುಮ್ಮನಾದರು. ಮೂರು ವರ್ಷದ ಕಾನೂನು ಪದವಿಯಲ್ಲಿ ಈ ವಿದ್ಯೆಯನ್ನು ಕಲಿಸುವುದಿಲ್ಲ!

"ಓದವಾ" ಎಂದು ನನ್ನ ಕೈಗೆ ಹಳದಿ ಕಾಗದ ಕೊಟ್ಟರು.

ಎರಡು ಸಲ ತಲೆಬರಹ ನೋಡಿದೆ. ಜುಗೂಳ ಎಂದೇ ಇತ್ತು. ಓದಿದೆ: "ಬಾಂದಿನ ಮೇಲಿನ ಮಾವಿನ ಮರವು ಈಗ ಹೇಗಿದೆಯೋ ಹಾಗೆಯೇ ಇರತಕ್ಕದ್ದು. ಉಭಯ ಪಕ್ಷದವರೂ ಹಾಗೆಯೇ ಇರತಕ್ಕದ್ದು."

"ಮುಂದ?" ಎಂದರು ಅಣ್ಣಾಸಾಹೇಬರು.

"ಮುಂದ ಸಹಿ ಅದಾವ್ರಿ."

"ಅನುಮತಿ?"

"ಅದು ಬ್ಯಾರೆ ಊರಿನ ಹುಣಸಿ ಮರದ್ದುರಿ. ತಪ್ಪು ಪುಟ ಓದೀನಿ. ತಪ್ಪು ನಂದ್ರಿ ಅಣ್ಣಾರ" ಎಂದು ಕೈ ಮುಗಿದೆ.

ಬಾಬಾಸಾಹೇಬರು ಮರವನ್ನೊಮ್ಮೆ ಬುಡದಿಂದ ತುದಿಯವರೆಗೆ ನೋಡಿದರು. ಒಂದು ದಿನದ ಮಟ್ಟಿಗೆ ಸಿಕ್ಕ ರಾಜ್ಯ ಕೈತಪ್ಪಿದ ಅರಸನಂತಿದ್ದರು ಪಾಪ. ಆಮೇಲೆ ತಮ್ಮನ ಅಂಗಳದತ್ತ ನಡೆದರು. ಎಪ್ಪತ್ತರ ಮನುಷ್ಯ, ಉರುಳಿದ್ದ ಗಳವೊಂದನ್ನು ತಾವೇ ಎತ್ತಿ, ಅಂಗಳದ ಅಂಚಿಗೆ ನಿಂತು ಕೇಳಿದರು:

"ತುಳಿಯಾಕ ಅನುಮತಿ ಐತೇನೋ?"

"ಇಲ್ಲ ಅಂದ್ರ ಏನ್ ಮಾಡಾಂವ?" ತಮ್ಮ ಇನ್ನೂ ಮುಖ ತಿರುಗಿಸಿಯೇ ಇದ್ದರು.

"ಕೋರ್ಟಿಗೆ ಹೋಗ್ತೀನಿ. ಈ ಬಾಯಾರನ್ನ ವಕೀಲರಂತ ಇಟ್ಕೋತೀನಿ."

ಅಣ್ಣಾಸಾಹೇಬರು ಥಟ್ಟನೆ ತಿರುಗಿದರು. "ಹಂಗಾರ ನಾ ಗೆದ್ದಂಗ!"

ಮೊದಲು ನಕ್ಕವಳು ಶೀತಲ್. ಆಮೇಲೆ ಹೆಂಗಸರು, ಆಮೇಲೆ ಇಬ್ಬರು ಅಣ್ಣತಮ್ಮಂದಿರು. ನಮ್ಮವರಂತೂ ಗಾಡಿಗೆ ಒರಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಏನಾಯಿತೆಂದು ಕೇಳಿಸದ ವಕೀಲರೂ ನಕ್ಕರು. ನಾನು ಮಾತ್ರ ನಗಬೇಕೋ ಅಳಬೇಕೋ ತಿಳಿಯದೆ, ತಮ್ಮ ತುಳಿಯಲು ಬಿಟ್ಟ ಅಂಗಳದಲ್ಲಿ ಇಟ್ಟಿಗೆ ಜೋಡಿಸಲು ಕುಳಿತೆ.

ಭಾನುವಾರದ ಸಾಖರಪುಡಾ ಚೆನ್ನಾಗಿ ನಡೆಯಿತು. ನಮಗೂ ಕರೆ ಬಂದಿತ್ತು. ಶೀತಲ್ ಎರಡೂ ಕೈಗೆ ಮೆಹೆಂದಿ ಹಾಕಿಕೊಂಡಿದ್ದಳು. "ಅಕ್ಕಾರ, ನೀವು ಬಡಸರಿ, ಏನೂ ಓದಬ್ಯಾಡ್ರಿ" ಎಂದು ನನಗೆ ಕೋಸಂಬರಿಯ ಬುಟ್ಟಿ ಕೊಟ್ಟಳು. ಬಡಿಸಿದೆ. ಒಂದು ಎಲೆಯನ್ನೂ ತಪ್ಪಿಸಲಿಲ್ಲ.

ಎರಡು ತಿಂಗಳಿಗೆ 'ವಾದಸರಣಿ'ಯ ಮೊದಲ ಸಂಚಿಕೆ ಅಚ್ಚಾಗಿ ಬಂತು. ಹನ್ನೊಂದನೇ ಅಡಿಟಿಪ್ಪಣಿ ಪರಿಶುದ್ಧ! ಮಾವು ಮಾವಾಗಿತ್ತು, ಹುಣಸೆ ಹುಣಸೆಯಾಗಿತ್ತು. ಇಬ್ಬರ ಹೆಸರೂ, ಅವರು ಕೇಳಿದಂತೆ, ದಪ್ಪ ಅಕ್ಷರದಲ್ಲಿ. ನಾನು ಎರಡು ಪ್ರತಿಗಳನ್ನು ಜುಗೂಳಕ್ಕೆ ಕಳಿಸಿ, ಮೂರು ದಿನ ನೆಲದ ಮೇಲೆ ಕಾಲೂರದೆ ಓಡಾಡಿದೆ.

ನಾಲ್ಕನೇ ದಿನ ಫೋನು ಬಂತು.

"ಬಾಯಾರ, ನಾ ಬಾಬಾಸಾಹೇಬ್ರಿ. ಪುಸ್ತಕ ಮುಟ್ಟೇತಿ. ಭಾಳ ಚೊಲೊ ಮಾಡೀರಿ. ಆದ್ರ ಒಂದ್ ಮಾತು ಕೇಳ್ಲೇನ್ರಿ?"

"ಕೇಳ್ರಿ ಕಾಕಾ!"

"ತಮ್ಮನ ಹೆಸರು ಮೊದಲ ಐತಿ. ಅಣ್ಣಂದು ಹಿಂದ. ಮುಂಜಾನಿಂದ ಅಂವ ಪುಸ್ತಕ ಹಿಡಕೊಂಡು ಊರಾಗ ತಿರಗಾಕತ್ತಾನ್ರಿ. ಇದಕ್ಕ ಕಾರಣ ಏನ್ರಿ?"

ಕಾರಣ ಸರಳವಾಗಿತ್ತು. ನನ್ನ ಹದಿನಾಲ್ಕು ಪುಟದ ನಿಯಮಾವಳಿಯ ಪ್ರಕಾರ ಹೆಸರುಗಳನ್ನು ಅಕ್ಷರಗಳ ಅನುಕ್ರಮದಲ್ಲಿ ಹಾಕತಕ್ಕದ್ದು. 'ಅ' ಮೊದಲು, 'ಬ' ಆಮೇಲೆ. ಹೇಳಲು ಬಾಯಿ ತೆರೆದೆ. ಬಾಂದು, ಸೌಟು, ಉರುಳಿದ ಗಳಗಳು ಕಣ್ಣ ಮುಂದೆ ಬಂದವು. ಫೋನನ್ನು ನಮ್ಮವರ ಕೈಯಲ್ಲಿ ತುರುಕಿ ಹಿತ್ತಿಲಿಗೆ ಓಡಿದೆ.

ಪ್ರಜೆಗಳು ಕಾನೂನನ್ನು ಧೈರ್ಯದಿಂದ ಎದುರಿಸಬೇಕೆಂದು ಅದೇ ಸಂಚಿಕೆಯಲ್ಲಿ ಎರಡು ಪುಟ ಸಂಪಾದಕೀಯ ಬರೆದವಳು, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತು ಕೇಳಿಸಿಕೊಂಡೆ. ನಮ್ಮವರು ಬಹಳ ವಿನಯದಿಂದ ಹೇಳುತ್ತಿದ್ದರು:

"ಸಿಟ್ಟಾಗಬ್ಯಾಡ್ರಿ ಕಾಕಾ. ಆಕೀಗಿ ಅಕ್ಷರ ಇನ್ನೂ ಪೂರಾ ಬರಂಗಿಲ್ಲ. ಈಗ ಕಲಿಯಾಕತ್ತಾಳ."

ನಾನು ಅದಕ್ಕೆ ಯಾವ ಆಕ್ಷೇಪಣೆಯನ್ನೂ ಸಲ್ಲಿಸಲಿಲ್ಲ.